ಆಕ್ಸೆಸ್ ಡಿನೈಡ್ ಅಂತ ಬಂದರೆ ಮೊದಲು ಕೇಳಿ, ಇದು ಯಾರದು?

ವಿಂಡೋಸ್ ಕಂಪ್ಯೂಟರ್ ಆನ್ ಮಾಡಿದ ಕೂಡಲೇ ತಾವಾಗಿಯೇ ಶುರುವಾಗುವ ಪ್ರೋಗ್ರಾಂಗಳನ್ನು ನಿಲ್ಲಿಸುವುದು ಸುಲಭ ಅಂತ ಎಲ್ಲರೂ ಹೇಳುತ್ತಾರೆ. ಟಾಸ್ಕ್ ಮ್ಯಾನೇಜರ್ ತೆರೆಯಿರಿ, ಸ್ಟಾರ್ಟಪ್‌ಗೆ ಹೋಗಿ, ಡಿಸೇಬಲ್ ಒತ್ತಿ, ಆಯ್ತು. ಬಹಳಷ್ಟು ಸಲ ಅಷ್ಟೇ ಸಾಕು ಕೂಡ. ಆದರೆ ಕೆಲವು ಸಲ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಡಿಲೀಟ್ ಒತ್ತಿದರೆ ಅಡ್ಮಿನಿಸ್ಟ್ರೇಟರ್ ಅನುಮತಿ ಬೇಕು ಅನ್ನುತ್ತದೆ. ಸರ್ವೀಸ್, ಅಂದರೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ, ನಿಲ್ಲಿಸಲು ಹೋದರೆ "ಎರರ್ 5: ಆಕ್ಸೆಸ್ ಈಸ್ ಡಿನೈಡ್" ಅನ್ನುತ್ತದೆ. ನಿಗದಿತ ಹೊತ್ತಿಗೆ ಕೆಲಸ ಶುರು ಮಾಡುವ ಟಾಸ್ಕ್ ಶೆಡ್ಯೂಲರ್‌ನಲ್ಲಿ, ಈ ಟಾಸ್ಕ್ ನಿಲ್ಲಿಸಲು ನಿಮ್ಮ ಖಾತೆಗೆ ಅನುಮತಿ ಇಲ್ಲ ಅನ್ನುತ್ತದೆ. ಈ ಬರಹ ಅಂಥ ಸಮಯಕ್ಕೆ.

ನನ್ನದು ತಿಪಟೂರಿನಲ್ಲಿ ಒಂದು ಡಿಟಿಪಿ ಅಂಗಡಿ. ಜೊತೆಗೆ ರಿಪೇರಿ ಕೆಲಸವೂ ಇದೆ. ಕೊಬ್ಬರಿ ಮಂಡಿಗಳ ಲೆಕ್ಕದ ಕಂಪ್ಯೂಟರ್‌ಗಳು, ಶಾಲೆಗಳ ಲ್ಯಾಬ್, ಆಡಿಟರ್ ಆಫೀಸು, ಇವೇ ನನ್ನ ಗಿರಾಕಿಗಳು. ಇವುಗಳಲ್ಲಿ ಒಂದು ಸಮಾನ ಸಂಗತಿ ಇದೆ. ಯಂತ್ರ ಒಬ್ಬರದು, ಅದನ್ನು ದಿನವೂ ಬಳಸುವವರು ಇನ್ನೊಬ್ಬರು. ಅನುಮತಿಯ ತೊಂದರೆ ಹೆಚ್ಚಾಗಿ ಹುಟ್ಟುವುದು ಇಲ್ಲಿಯೇ.

ಈ ಸಂದೇಶ ಬಂದಾಗ ಜನ ಮಾಡುವುದನ್ನು ನೋಡಿದರೆ ನನಗೆ ಬೇಸರವಾಗುತ್ತದೆ. ಯಾವುದೋ ವಿಡಿಯೋ ನೋಡಿ ಯುಎಸಿ (ಪ್ರೋಗ್ರಾಂಗೆ ಪೂರ್ತಿ ಅಧಿಕಾರ ಕೊಡುವ ಮೊದಲು ವಿಂಡೋಸ್ ಒಪ್ಪಿಗೆ ಕೇಳುವ ವ್ಯವಸ್ಥೆ) ಪೂರ್ತಿ ಆಫ್ ಮಾಡುತ್ತಾರೆ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ "ಟೇಕ್ ಓನರ್‌ಶಿಪ್" ಅನ್ನುವ ಮೆನು ಸೇರಿಸಿಕೊಳ್ಳುತ್ತಾರೆ. ಇಡೀ ಸಿ ಡ್ರೈವ್‌ಗೆ "ಎವರಿವನ್, ಫುಲ್ ಕಂಟ್ರೋಲ್" ಕೊಟ್ಟ ಯಂತ್ರವೂ ನನ್ನ ಮೇಜಿಗೆ ಬಂದಿದೆ. ಅದನ್ನು ಸರಿ ಮಾಡಲು ಡೇಟಾ ತೆಗೆದಿಟ್ಟು ವಿಂಡೋಸ್ ಹೊಸದಾಗಿ ಹಾಕುವುದೇ ಒಳ್ಳೆಯ ದಾರಿಯಾಯಿತು. ಒಂದು ಪ್ರಿಂಟರ್ ಸಹಾಯಕ ಪ್ರೋಗ್ರಾಂ ನಿಲ್ಲಿಸಬೇಕು ಅನ್ನುವ ಸಣ್ಣ ಆಸೆಗೆ ಇಷ್ಟೊಂದು ಬೆಲೆ ಕೊಡಬಾರದು ಅಲ್ವಾ?

ಆಕ್ಸೆಸ್ ಡಿನೈಡ್ ಅಂದರೆ ಯಂತ್ರ ಕೆಟ್ಟಿದೆ ಅಂತಲ್ಲ. ನೀವು ಮುಟ್ಟಿದ್ದು ನಿಮ್ಮೊಬ್ಬರ ವಸ್ತುವಲ್ಲ ಅಂತ. ವಠಾರದಲ್ಲಿ ನಿಮ್ಮ ಮನೆಯ ದೀಪ ಆರಿಸಲು ಯಾರನ್ನೂ ಕೇಳಬೇಕಿಲ್ಲ, ಮೆಟ್ಟಿಲ ಮೇಲಿನ ದೀಪಕ್ಕೆ ಮಾಲೀಕರನ್ನು ಕೇಳಬೇಕು. ಹಾಗಾಗಿ ನನ್ನ ಮೊದಲ ಪ್ರಶ್ನೆ ಯಾವಾಗಲೂ ಒಂದೇ. ಈ ಸ್ಟಾರ್ಟಪ್ ಐಟಂ ಯಾರದು?

ಉತ್ತರ ಟಾಸ್ಕ್ ಮ್ಯಾನೇಜರ್‌ನಲ್ಲೇ ಅರ್ಧ ಸಿಗುತ್ತದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ. ಸ್ಟಾರ್ಟಪ್ ಪಟ್ಟಿಗೆ ಹೋಗಿ. ಮೇಲಿನ ಕಾಲಂ ಹೆಸರುಗಳ ಮೇಲೆ ರೈಟ್ ಕ್ಲಿಕ್ ಮಾಡಿದರೆ "ಸ್ಟಾರ್ಟಪ್ ಟೈಪ್" ಮತ್ತು "ಕಮಾಂಡ್ ಲೈನ್" ಅನ್ನುವ ಇನ್ನೆರಡು ಕಾಲಂ ಸೇರಿಸಬಹುದು. ಮೊದಲನೆಯದು ಈ ಐಟಂ ರಿಜಿಸ್ಟ್ರಿಯಿಂದ ಬಂದಿದೆಯೋ ಫೋಲ್ಡರ್‌ನಿಂದ ಬಂದಿದೆಯೋ ಹೇಳುತ್ತದೆ. ಎರಡನೆಯದು ನಿಜವಾಗಿ ಯಾವ ಫೈಲ್ ಓಡುತ್ತಿದೆ ಅಂತ ತೋರಿಸುತ್ತದೆ. ಈ ಎರಡು ಕಾಲಂ ತೆರೆಯದೆ ನಾನು ಏನನ್ನೂ ಮುಟ್ಟುವುದಿಲ್ಲ. ಪಟ್ಟಿಯಲ್ಲಿ ಸುಮ್ನೆ "ಪ್ರೋಗ್ರಾಂ" ಅಂತ ಹೆಸರಿರುವ, ಐಕಾನ್ ಇಲ್ಲದ ಸಾಲು ನೋಡಿ ವೈರಸ್ ಅಂತ ಹೆದರುವವರು ಬಹಳ. ಕಮಾಂಡ್ ಲೈನ್ ನೋಡಿದರೆ ಗೊತ್ತಾಗುತ್ತದೆ. ಹೆಚ್ಚಾಗಿ ಅದು ಅನ್‌ಇನ್‌ಸ್ಟಾಲ್ ಆದ ಯಾವುದೋ ತಂತ್ರಾಂಶ ಬಿಟ್ಟುಹೋದ ಸಾಲು. ಫೈಲ್‌ನ ದಾರಿಗೆ ಉದ್ಧರಣ ಚಿಹ್ನೆ ಹಾಕಿರುವುದಿಲ್ಲ. ಆಗ "ಪ್ರೋಗ್ರಾಂ ಫೈಲ್ಸ್" ಅನ್ನುವ ಹೆಸರು ನಡುವಿನ ಖಾಲಿ ಜಾಗದಲ್ಲಿ ತುಂಡಾಗಿ ಬರೀ "ಪ್ರೋಗ್ರಾಂ" ಉಳಿಯುತ್ತದೆ.

ಫೋಲ್ಡರ್ ಅಂದರೆ ಎರಡು ಫೋಲ್ಡರ್. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಬಂದ ಡಬ್ಬಿಯಲ್ಲಿ ಇಂಗ್ಲಿಷಿನಲ್ಲಿ ಶೆಲ್, ಕೋಲನ್, ಸ್ಟಾರ್ಟಪ್ ಅಂತ ಟೈಪ್ ಮಾಡಿದರೆ ನಿಮ್ಮೊಬ್ಬರ ಫೋಲ್ಡರ್ ತೆರೆಯುತ್ತದೆ. ಕೋಲನ್ ಆದ ಮೇಲೆ ಕಾಮನ್ ಸ್ಟಾರ್ಟಪ್ ಅಂತ ಟೈಪ್ ಮಾಡಿದರೆ ಎಲ್ಲ ಬಳಕೆದಾರರಿಗೂ ಸೇರಿದ ಫೋಲ್ಡರ್. ಮೊದಲನೆಯದರಲ್ಲಿ ಏನು ಬೇಕಾದರೂ ಅಳಿಸಬಹುದು. ಎರಡನೆಯದರಲ್ಲಿ ಕೈ ಇಟ್ಟರೆ ಅಡ್ಮಿನ್ ಅನುಮತಿ ಕೇಳುತ್ತದೆ. ರಿಜಿಸ್ಟ್ರಿಯಲ್ಲೂ ಇದೇ ಲೆಕ್ಕ. "ರನ್" ಅನ್ನುವ ಕೀ "ಕರೆಂಟ್ ಯೂಸರ್" ಕೆಳಗೆ ಒಂದು ಇದೆ, "ಲೋಕಲ್ ಮೆಷೀನ್" ಕೆಳಗೆ ಇನ್ನೊಂದು ಇದೆ. ಮೊದಲನೆಯದು ನಿಮ್ಮದು, ಎರಡನೆಯದು ಯಂತ್ರದ್ದು.

ಇಲ್ಲಿ ಒಬ್ಬರ ಪ್ರಶ್ನೆ ಇದ್ದೇ ಇರುತ್ತದೆ. "ನಾನೇ ಅಡ್ಮಿನ್ ಅಲ್ವಾ ಅಕ್ಕಾ, ನನಗೂ ಯಾಕೆ ಡಿನೈಡ್?" ಒಳ್ಳೆಯ ಪ್ರಶ್ನೆ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಮನೆ, ಅಂಗಡಿಗಳ ಹೆಚ್ಚುಕಡಿಮೆ ಎಲ್ಲ ಯಂತ್ರಗಳಲ್ಲೂ ಎಲ್ಲರೂ ಪೂರ್ತಿ ಅಡ್ಮಿನ್ ಆಗಿಯೇ ಕೆಲಸ ಮಾಡುತ್ತಿದ್ದರು. ವೈರಸ್‌ಗೂ ಅದೇ ಅಧಿಕಾರ ಸಿಗುತ್ತಿತ್ತು. 2007ರಲ್ಲಿ ಜನರ ಕೈಗೆ ಬಂದ ವಿಸ್ಟಾದಿಂದ ಯುಎಸಿ ಶುರುವಾಯಿತು. ಅಲ್ಲಿಂದೀಚೆಗೆ ನೀವು ಅಡ್ಮಿನ್ ಖಾತೆಯಲ್ಲಿದ್ದರೂ ನೀವು ತೆರೆಯುವ ಪ್ರೋಗ್ರಾಂಗಳು ಸಾಧಾರಣ ಅಧಿಕಾರದಲ್ಲೇ ಓಡುತ್ತವೆ. "ರನ್ ಆಸ್ ಅಡ್ಮಿನಿಸ್ಟ್ರೇಟರ್" ಕೊಟ್ಟು, ಬಂದ ಪ್ರಶ್ನೆಗೆ "ಯೆಸ್" ಅಂದಾಗ ಮಾತ್ರ ಆ ಒಂದು ಪ್ರೋಗ್ರಾಂಗೆ ಪೂರ್ತಿ ಅಧಿಕಾರ. ಕಮಾಂಡ್ ಪ್ರಾಂಪ್ಟನ್ನು ಸುಮ್ನೆ ತೆರೆದು ಸರ್ವೀಸ್ ನಿಲ್ಲಿಸಲು ಹೋದರೆ "ಸಿಸ್ಟಂ ಎರರ್ 5" ಬರುವುದು ಅದಕ್ಕೇ. ಅದೇ ಪ್ರಾಂಪ್ಟನ್ನು ಅಡ್ಮಿನ್ ಆಗಿ ತೆರೆದರೆ ಸರಾಗ. ಕೆಲವು ಕಡೆ 80070005 ಅನ್ನುವ ಉದ್ದ ಸಂಖ್ಯೆ ಬರುತ್ತದೆ. ಕೊನೆಯ 5 ನೋಡಿ, ಅದೂ ಇದೇ ದೂರು.

ಅಡ್ಮಿನ್ ಖಾತೆಯಲ್ಲಿ ಟಾಸ್ಕ್ ಮ್ಯಾನೇಜರ್ ಮಾತ್ರ ಏನೂ ಕೇಳದೆ ಕೆಲಸ ಮಾಡುತ್ತದೆ, ಯಾಕೆಂದರೆ ವಿಂಡೋಸ್ ಅದಕ್ಕೆ ತಾನಾಗಿಯೇ ಮೇಲಿನ ಅಧಿಕಾರ ಕೊಡುತ್ತದೆ. ಆದ್ದರಿಂದ ಡಿಸೇಬಲ್ ಮಾಡುವುದಷ್ಟೇ ನಿಮ್ಮ ಉದ್ದೇಶವಾಗಿದ್ದರೆ ಫೋಲ್ಡರ್‌ನಲ್ಲಿ, ರಿಜಿಸ್ಟ್ರಿಯಲ್ಲಿ ಅಳಿಸುವ ಕಷ್ಟವೇ ಬೇಡ. ಟಾಸ್ಕ್ ಮ್ಯಾನೇಜರ್ ಏನನ್ನೂ ಅಳಿಸುವುದೂ ಇಲ್ಲ. "ಸ್ಟಾರ್ಟಪ್ ಅಪ್ರೂವ್ಡ್" ಅನ್ನುವ ಬೇರೆ ಕೀಯಲ್ಲಿ ಒಂದು ಗುರುತು ಬದಲಾಯಿಸುತ್ತದೆ ಅಷ್ಟೆ. ಅಲ್ಲಿನ ಮೊದಲ ಬೈಟ್ 02 ಇದ್ದರೆ ಚಾಲೂ, 03 ಇದ್ದರೆ ಬಂದ್. ನಾಳೆ ಬೇಕು ಅನ್ನಿಸಿದರೆ ಮತ್ತೆ ಎನೇಬಲ್ ಒತ್ತಬಹುದು. ಅಳಿಸಿಬಿಟ್ಟರೆ ಆ ದಾರಿ ಇರುವುದಿಲ್ಲ.

ಈಗ ಒಂದು ಮಂಡಿಯ ವಿಷಯ ಹೇಳಬೇಕು. ಅಲ್ಲಿ ಲೆಕ್ಕ ಬರೆಯುವ ಹುಡುಗನಿಗೆ ಸ್ಟಾಂಡರ್ಡ್, ಅಂದರೆ ಅಡ್ಮಿನ್ ಅಧಿಕಾರ ಇಲ್ಲದ ಖಾತೆ. ಅಡ್ಮಿನ್ ಖಾತೆ ಸಾಹುಕಾರರದು. ಬೆಳಗ್ಗೆ ಕಂಪ್ಯೂಟರ್ ಹಚ್ಚಿದರೆ ಒಂದು ಚಾಟ್ ಪ್ರೋಗ್ರಾಂ, ಒಂದು ಪ್ರಿಂಟರ್ ಸಹಾಯಕ ಪ್ರೋಗ್ರಾಂ, ಯಾವುದೋ ಅಪ್‌ಡೇಟ್ ಕೇಳುವ ಕಿಟಕಿ, ಎಲ್ಲ ಒಟ್ಟಿಗೆ ಏಳುತ್ತಿದ್ದವು. ಹರಾಜಿನ ದಿನ ಬಿಲ್ ಹೊಡೆಯಬೇಕಾದ ಹೊತ್ತಿಗೆ ಕರ್ಸರ್ ಸುತ್ತುತ್ತಾ ಕೂರುತ್ತಿತ್ತು. ಹುಡುಗ ಸಾಹುಕಾರರನ್ನು ಕರೆದು, ಅವರ ಪಾಸ್‌ವರ್ಡ್ ಹಾಕಿಸಿ ರಿಜಿಸ್ಟ್ರಿ ತೆರೆದ. "ಕರೆಂಟ್ ಯೂಸರ್" ಕೆಳಗೆ ನೋಡಿದರೆ ಆ ಚಾಟ್ ಪ್ರೋಗ್ರಾಂ ಕಾಣುತ್ತಲೇ ಇಲ್ಲ. "ಅಕ್ಕಾ, ಪಟ್ಟಿಯಲ್ಲಿ ಇಲ್ಲವೇ ಇಲ್ಲ, ಆದರೂ ದಿನಾ ಬರುತ್ತೆ" ಅಂತ ಫೋನ್ ಮಾಡಿದ.

ಇದು ಬಹಳ ಜನರಿಗೆ ಗೊತ್ತಿರದ ಸಂಗತಿ, ಹಾಗಾಗಿ ಬಿಡಿಸಿ ಹೇಳುತ್ತೇನೆ. ನಿಮ್ಮ ಪರದೆಯ ಮೇಲೆ ಬೇರೆಯವರ ಪಾಸ್‌ವರ್ಡ್ ಹಾಕಿ ಪ್ರೋಗ್ರಾಂ ತೆರೆದರೆ, ಆ ಪ್ರೋಗ್ರಾಂ ಓಡುವುದು ಅವರ ಹೆಸರಿನಲ್ಲಿ. ಆಗ "ಕರೆಂಟ್ ಯೂಸರ್" ಅಂದರೆ ಅವರು, ನೀವಲ್ಲ. ಹುಡುಗ ನೋಡುತ್ತಿದ್ದದ್ದು ಸಾಹುಕಾರರ ಪಟ್ಟಿ. ಚಾಟ್ ಪ್ರೋಗ್ರಾಂ ಇದ್ದದ್ದು ಹುಡುಗನ ಪಟ್ಟಿಯಲ್ಲಿ. ಅದಕ್ಕೆ ಪಾಸ್‌ವರ್ಡೇ ಬೇಕಿರಲಿಲ್ಲ. ಅವನದೇ ಖಾತೆಯಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ಡಿಸೇಬಲ್ ಮಾಡಿದ, ಮುಗಿಯಿತು. ಪ್ರಿಂಟರ್ ಸಹಾಯಕ ಪ್ರೋಗ್ರಾಂ ಮಾತ್ರ ಎಲ್ಲರಿಗೂ ಸೇರಿದ ಫೋಲ್ಡರ್‌ನಲ್ಲಿತ್ತು. ಅದನ್ನು ಸಾಹುಕಾರರೇ ತಮ್ಮ ಖಾತೆಯಲ್ಲಿ ಲಾಗಿನ್ ಆಗಿ ತೆಗೆದರು.

ಅವನಿಗೆ ಅಡ್ಮಿನ್ ಖಾತೆ ಕೊಟ್ಟುಬಿಡಿ, ನನ್ನನ್ನು ಕರೆಯೋದು ತಪ್ಪುತ್ತೆ ಅಂದರು ಸಾಹುಕಾರರು. ಬೇಡ ಅಂದೆ. ಅದೇ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ನಡೆಯುತ್ತದೆ. ಊರಿನ ಎಲ್ಲ ಪೆನ್‌ಡ್ರೈವ್‌ಗಳೂ ಅದಕ್ಕೇ ಬಂದು ಚುಚ್ಚಿಕೊಳ್ಳುತ್ತವೆ. ದಿನವೂ ಬಳಸುವ ಖಾತೆ ಸ್ಟಾಂಡರ್ಡ್ ಆಗಿರುವುದೇ ಆ ಯಂತ್ರಕ್ಕಿರುವ ದೊಡ್ಡ ಕಾವಲು. ವರ್ಷಕ್ಕೆ ಕೆಲವು ಸಲ ಪಾಸ್‌ವರ್ಡ್ ಹಾಕಲು ಎದ್ದು ಬರುವುದು ತೊಂದರೆಯೇ, ಆದರೆ ಸಣ್ಣ ತೊಂದರೆ.

ಟಾಸ್ಕ್ ಮ್ಯಾನೇಜರ್ ಪಟ್ಟಿಯಲ್ಲಿ ಕಾಣದೆಯೂ ಏಳುವ ಐಟಂಗಳಿವೆ. ಅವು ಸರ್ವೀಸ್ ಆಗಿರುತ್ತವೆ, ಇಲ್ಲವೇ ಟಾಸ್ಕ್ ಶೆಡ್ಯೂಲರ್‌ನಲ್ಲಿ ಕೂತಿರುತ್ತವೆ. ಎಲ್ಲವನ್ನೂ ಒಂದೇ ಕಡೆ ನೋಡಲು ಆಟೋರನ್ಸ್‌ಗಿಂತ ಒಳ್ಳೆಯ ಸಾಧನ ನಾನು ಕಂಡಿಲ್ಲ. ಮಾರ್ಕ್ ರುಸಿನೊವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಅವರ ಸಿಸ್‌ಇಂಟರ್ನಲ್ಸ್ ಸಾಧನಗಳಲ್ಲಿ ಇದೂ ಒಂದು. 2006ರಲ್ಲಿ ಮೈಕ್ರೋಸಾಫ್ಟ್ ಆ ಸಂಸ್ಥೆಯನ್ನು ಕೊಂಡಿತು. ಈಗಲೂ ಮೈಕ್ರೋಸಾಫ್ಟ್ ತಾಣದಲ್ಲೇ ಉಚಿತವಾಗಿ ಸಿಗುತ್ತದೆ, ಬೇರೆ ಕಡೆಯಿಂದ ಇಳಿಸಿಕೊಳ್ಳಬೇಡಿ. ಸುಮ್ನೆ ತೆರೆದು ಟಿಕ್ ತೆಗೆದರೆ ಇದರಲ್ಲೂ ಆಕ್ಸೆಸ್ ಡಿನೈಡ್ ಬರುತ್ತದೆ. ಫೈಲ್ ಮೆನುವಿನಲ್ಲಿ "ರನ್ ಆಸ್ ಅಡ್ಮಿನಿಸ್ಟ್ರೇಟರ್" ಇದೆ, ಅದನ್ನು ಕೊಟ್ಟು ಮುಂದುವರಿಯಿರಿ. ಮಂಡಿಯ ಹುಡುಗನಿಗೆ ಆದ ಗೊಂದಲಕ್ಕೂ ಇದರಲ್ಲಿ ಪರಿಹಾರ ಇದೆ. "ಯೂಸರ್" ಮೆನುವಿನಲ್ಲಿ ಯಾರ ಪಟ್ಟಿ ನೋಡಬೇಕು ಅಂತ ಆರಿಸಿಕೊಳ್ಳಬಹುದು.

ಅಡ್ಮಿನ್ ಆಗಿಯೇ ತೆರೆದರೂ ಬಗ್ಗದ ಕೆಲವು ಇವೆ. ಮುಖ್ಯವಾಗಿ ಆಂಟಿವೈರಸ್. ಎಂಎಸ್‌ಕಾನ್ಫಿಗ್ ಅನ್ನುವ ವಿಂಡೋಸ್ ಸಾಧನದಲ್ಲಿ ಅದರ ಸರ್ವೀಸ್‌ನ ಟಿಕ್ ತೆಗೆದು ಓಕೆ ಕೊಟ್ಟರೆ, ಸರ್ವೀಸ್ ಬದಲಾಯಿಸುವಾಗ ಆಕ್ಸೆಸ್ ಡಿನೈಡ್ ಬಂತು, ಅಡ್ಮಿನಿಸ್ಟ್ರೇಟರ್ ಖಾತೆಯಿಂದ ಲಾಗಿನ್ ಆಗಬೇಕಾಗಬಹುದು ಅನ್ನುವ ಸಂದೇಶ ಬರುತ್ತದೆ. ನೀವು ಅಡ್ಮಿನ್ ಖಾತೆಯಲ್ಲೇ ಇರುತ್ತೀರಿ! ಆ ಸಂದೇಶ ದಾರಿ ತಪ್ಪಿಸುತ್ತದೆ. ನಿಜವಾದ ಕಾರಣ ಆಂಟಿವೈರಸ್‌ನ ಸ್ವರಕ್ಷಣೆ. ತನ್ನನ್ನು ಹೊರಗಿನಿಂದ ಯಾರೂ ನಿಲ್ಲಿಸದಂತೆ ಅದು ಬಾಗಿಲು ಹಾಕಿಕೊಂಡಿರುತ್ತದೆ. ವೈರಸ್ ಮಾಡುವ ಮೊದಲ ಕೆಲಸವೇ ಆಂಟಿವೈರಸ್ ನಿಲ್ಲಿಸುವುದಾದ್ದರಿಂದ ಅದು ಹಾಗೆ ಇರುವುದೇ ಸರಿ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಕೂಡ ಹಾಗೆಯೇ. ಸರ್ವೀಸ್ ಪಟ್ಟಿಯಲ್ಲಿ ಅದರ ಸ್ಟಾರ್ಟಪ್ ಟೈಪ್ ಬೂದು ಬಣ್ಣದಲ್ಲಿರುತ್ತದೆ, ಬದಲಾಯಿಸಲು ಬಿಡುವುದಿಲ್ಲ. ಬೇಡವಾದ ಆಂಟಿವೈರಸ್ ಇದ್ದರೆ ಅದರದೇ ಸೆಟ್ಟಿಂಗ್ಸ್‌ಗೆ ಹೋಗಿ ಬದಲಾಯಿಸಿ, ಇಲ್ಲವೇ ಸರಿಯಾಗಿ ಅನ್‌ಇನ್‌ಸ್ಟಾಲ್ ಮಾಡಿ. ಸ್ಟಾರ್ಟಪ್‌ನಲ್ಲಿ ಕತ್ತು ಹಿಸುಕುವುದು ಬೇಡ.

ಟಾಸ್ಕ್ ಶೆಡ್ಯೂಲರ್‌ನಲ್ಲಿ ವಿಂಡೋಸ್ ಅಪ್‌ಡೇಟ್‌ಗೆ ಸೇರಿದ ಕೆಲವು ಟಾಸ್ಕ್‌ಗಳೂ ಅಡ್ಮಿನ್ ಮಾತು ಕೇಳುವುದಿಲ್ಲ. ಅವುಗಳ ಯಜಮಾನ "ಸಿಸ್ಟಂ" ಅನ್ನುವ ಖಾತೆ. ಅವನ್ನು ಬಿಟ್ಟುಬಿಡಿ.

ಆಫೀಸಿನ ಲ್ಯಾಪ್‌ಟಾಪ್ ತಂದು, "ಇದರಲ್ಲಿ ಈ ಪ್ರೋಗ್ರಾಂ ತೆಗೆದುಕೊಡಿ ಮೇಡಂ, ನಿಧಾನ ಆಗಿದೆ" ಅನ್ನುವವರಿಗೆ ನಾನು ಇಲ್ಲ ಅನ್ನುತ್ತೇನೆ. ಕಂಪನಿಯ ಡೊಮೇನ್‌ಗೆ, ಅಂದರೆ ಅವರು ಒಂದೇ ಕಡೆಯಿಂದ ನಿಯಂತ್ರಿಸುವ ಜಾಲಕ್ಕೆ, ಸೇರಿದ ಯಂತ್ರದಲ್ಲಿ ಗ್ರೂಪ್ ಪಾಲಿಸಿ ಅನ್ನುವ ಕಂಪನಿಯ ನಿಯಮಗಳು ಇರುತ್ತವೆ. ಹೇಗೋ ಮಾಡಿ ತೆಗೆದರೂ ನಿಲ್ಲದೆ ಹೋಗಬಹುದು, ಯಾಕೆಂದರೆ ಆ ಪಾಲಿಸಿ ಸಾಮಾನ್ಯವಾಗಿ 90 ನಿಮಿಷಕ್ಕೊಮ್ಮೆ, ಮೇಲೆ ಅರ್ಧ ಗಂಟೆಯೊಳಗಿನ ಹೆಚ್ಚುವರಿ ಸಮಯ ಸೇರಿಸಿ, ತನ್ನನ್ನು ತಾನು ಹೊಸದು ಮಾಡಿಕೊಳ್ಳುತ್ತದೆ. ಬೆಳಗ್ಗೆ ತೆಗೆದದ್ದು ಮಧ್ಯಾಹ್ನದೊಳಗೆ ವಾಪಸ್ ಬರಬಹುದು. ಅಲ್ಲಿ ಕೇಳಬೇಕಾದ್ದು ಅವರ ಐಟಿ ವಿಭಾಗವನ್ನು.

ಇನ್ನು ಇದರ ಉಲ್ಟಾ ತೊಂದರೆ. ನನಗೆ ಇದೇ ಜಾಸ್ತಿ ಮುಖ್ಯ, ಯಾಕೆಂದರೆ ಇದು ಕನ್ನಡ ಟೈಪ್ ಮಾಡುವವರಿಗೆ ಬರುವ ತೊಂದರೆ. ಇಲ್ಲಿ ಬೇಕಾದ ಪ್ರೋಗ್ರಾಂ ಏಳುವುದಿಲ್ಲ.

ಡಿಟಿಪಿ ಕೆಲಸಕ್ಕೆ, ಫ್ಲೆಕ್ಸ್‌ಗೆ, ಲಗ್ನಪತ್ರಿಕೆಗೆ ಈಗಲೂ ಹಳೆಯ ಫಾಂಟ್‌ಗಳು ಬೇಕು. ಅದಕ್ಕೆ ಹಳೆಯ ಕನ್ನಡ ಕೀಲಿಮಣೆ ತಂತ್ರಾಂಶ ಬೇಕು. ಇವು ನೀವು ಒತ್ತಿದ ಕೀಯನ್ನು ನಡುವೆ ಹಿಡಿದು, ಕನ್ನಡ ಅಕ್ಷರ ಮಾಡಿ, ಎದುರಿನ ಕಿಟಕಿಗೆ ಕಳಿಸುತ್ತವೆ. ಎದುರಿನ ಪ್ರೋಗ್ರಾಂ ಅಡ್ಮಿನ್ ಆಗಿ ಓಡುತ್ತಿದ್ದು, ಕೀಲಿಮಣೆ ತಂತ್ರಾಂಶ ಸಾಧಾರಣವಾಗಿ ಓಡುತ್ತಿದ್ದರೆ ವಿಂಡೋಸ್ ಇದಕ್ಕೆ ಬಿಡುವುದಿಲ್ಲ. ಕೆಳಗಿನ ಅಧಿಕಾರದ ಪ್ರೋಗ್ರಾಂ ಮೇಲಿನ ಅಧಿಕಾರದ ಕಿಟಕಿಗೆ ಕೀ ಒತ್ತಿ ಕಳಿಸುವಂತಿಲ್ಲ ಅನ್ನುವುದು ವಿಸ್ಟಾದಿಂದ ಬಂದ ನಿಯಮ. ಫಲ ಏನು? ನೋಟ್‌ಪ್ಯಾಡ್‌ನಲ್ಲಿ ಕನ್ನಡ ಬರುತ್ತದೆ, ಆ ಒಂದು ಪ್ರೋಗ್ರಾಂನಲ್ಲಿ ಮಾತ್ರ ಇಂಗ್ಲಿಷೇ ಬರುತ್ತದೆ. ಯಾವ ಎರರ್ ಕೂಡ ಕಾಣುವುದಿಲ್ಲ.

ಆಗ ಯಾರೋ ಹೇಳುತ್ತಾರೆ, ಕೀಲಿಮಣೆ ತಂತ್ರಾಂಶದ ಪ್ರಾಪರ್ಟೀಸ್‌ನಲ್ಲಿ "ರನ್ ಆಸ್ ಅಡ್ಮಿನಿಸ್ಟ್ರೇಟರ್" ಟಿಕ್ ಹಾಕಿ ಅಂತ. ಹಾಕುತ್ತಾರೆ, ಕನ್ನಡ ಬರುತ್ತದೆ. ಮರುದಿನ ಕಂಪ್ಯೂಟರ್ ಹಚ್ಚಿದರೆ ಕೀಲಿಮಣೆ ತಂತ್ರಾಂಶ ಏಳುವುದೇ ಇಲ್ಲ. ಸ್ಟಾರ್ಟಪ್ ಫೋಲ್ಡರ್‌ನಲ್ಲಿ ಶಾರ್ಟ್‌ಕಟ್ ಇದೆ, ಟಾಸ್ಕ್ ಮ್ಯಾನೇಜರ್‌ನಲ್ಲಿ "ಎನೇಬಲ್ಡ್" ಅಂತಲೂ ಇದೆ. ಅಡ್ಮಿನ್ ಅಧಿಕಾರ ಕೇಳುವ ಪ್ರೋಗ್ರಾಂಗಳನ್ನು ಲಾಗಿನ್ ಸಮಯದಲ್ಲಿ ಸ್ಟಾರ್ಟಪ್ ಫೋಲ್ಡರ್‌ನಿಂದ, ರನ್ ಕೀಯಿಂದ ವಿಂಡೋಸ್ ಎಬ್ಬಿಸುವುದಿಲ್ಲ. ವಿಸ್ಟಾ ಮತ್ತು ವಿಂಡೋಸ್ 7ರಲ್ಲಿ ಇದು ತಿಳಿಯದೆ ಎಷ್ಟೋ ಜನ ಶಾರ್ಟ್‌ಕಟ್ ಅಳಿಸಿ ಮತ್ತೆ ಮತ್ತೆ ಹಾಕುತ್ತಿದ್ದರು. ಈಗಲೂ ಹಾಕುತ್ತಾರೆ. ಶಾರ್ಟ್‌ಕಟ್‌ನಲ್ಲಿ ತಪ್ಪಿಲ್ಲ.

ನಾನು ಮೊದಲು ಹುಡುಕುವುದು ಎದುರಿನ ಪ್ರೋಗ್ರಾಂ ಯಾಕೆ ಅಡ್ಮಿನ್ ಆಗಿ ಓಡುತ್ತಿದೆ ಅಂತ. ಬಹಳ ಸಲ ಯಾರೋ ಎಂದೋ ಟಿಕ್ ಹಾಕಿ ಮರೆತಿರುತ್ತಾರೆ. ಹಳೆಯ ತಂತ್ರಾಂಶ ತನ್ನ ಡೇಟಾವನ್ನು ಪ್ರೋಗ್ರಾಂ ಫೈಲ್ಸ್ ಒಳಗೇ ಬರೆಯಲು ಹೋಗಿ ಅನುಮತಿ ಸಿಗದೆ ನಿಂತಿರುತ್ತದೆ, ಅದಕ್ಕೆ ಮದ್ದು ಅಂತ ಟಿಕ್. ಡೇಟಾ ಫೋಲ್ಡರನ್ನು ಬೇರೆ ಕಡೆಗೆ, ಬಳಕೆದಾರರು ಬರೆಯಬಹುದಾದ ಜಾಗಕ್ಕೆ ಬದಲಾಯಿಸಿದರೆ ಟಿಕ್ ತೆಗೆಯಬಹುದು. ಟಿಕ್ ಹೋದರೆ ಎರಡೂ ಪ್ರೋಗ್ರಾಂ ಒಂದೇ ಮಟ್ಟಕ್ಕೆ ಬರುತ್ತವೆ, ಕನ್ನಡ ತಾನಾಗಿ ಬರುತ್ತದೆ. ಹಳೆಯ ಫಾಂಟ್ ಬೇಡ, ಎಲ್ಲ ಕಡೆ ಓದಬಹುದಾದ ಯೂನಿಕೋಡ್ ಅಕ್ಷರ ಸಾಕು ಅನ್ನುವವರು ವಿಂಡೋಸ್‌ನದೇ ಕನ್ನಡ ಕೀಲಿಮಣೆ ಬಳಸಿ. 2019ರ ಮೇ ಅಪ್‌ಡೇಟ್‌ನಿಂದ ವಿಂಡೋಸ್ 10ರಲ್ಲಿ ಫೊನೆಟಿಕ್ ಕೀಲಿಮಣೆಯೂ ಇದೆ. ಸ್ಟಾರ್ಟಪ್‌ನ ಗೊಡವೆಯೇ ಇಲ್ಲ.

ಅಡ್ಮಿನ್ ಆಗಿಯೇ ಏಳಬೇಕು, ಬೇರೆ ದಾರಿ ಇಲ್ಲ ಅನ್ನುವಾಗ ಟಾಸ್ಕ್ ಶೆಡ್ಯೂಲರ್. ಅದನ್ನು ಅಡ್ಮಿನ್ ಆಗಿ ತೆರೆದು "ಕ್ರಿಯೇಟ್ ಟಾಸ್ಕ್" ಕೊಡಿ, "ಕ್ರಿಯೇಟ್ ಬೇಸಿಕ್ ಟಾಸ್ಕ್" ಅಲ್ಲ. ಜನರಲ್ ಪುಟದಲ್ಲಿ "ರನ್ ವಿತ್ ಹೈಯೆಸ್ಟ್ ಪ್ರಿವಿಲೇಜಸ್" ಟಿಕ್ ಮಾಡಿ. ಟ್ರಿಗರ್ "ಅಟ್ ಲಾಗ್ ಆನ್". ಆಕ್ಷನ್‌ನಲ್ಲಿ ಪ್ರೋಗ್ರಾಂ ಫೈಲನ್ನು ತೋರಿಸಿ. ಸ್ಟಾರ್ಟಪ್ ಫೋಲ್ಡರ್‌ನ ಹಳೆಯ ಶಾರ್ಟ್‌ಕಟ್ ತೆಗೆದುಬಿಡಿ. ಇನ್ನು ಲಾಗಿನ್ ಆದಾಗ ಯುಎಸಿ ಪ್ರಶ್ನೆಯೂ ಇಲ್ಲದೆ ಏಳುತ್ತದೆ.

ಆದರೆ ಮೂರು ಕಡೆ ಕಣ್ಣಿಡಬೇಕು. ಕಂಡೀಷನ್ಸ್ ಪುಟದಲ್ಲಿ, ಕರೆಂಟಿನ ಮೇಲೆ ಇದ್ದಾಗ ಮಾತ್ರ ಶುರು ಮಾಡು ಅನ್ನುವ ಟಿಕ್ ಮೊದಲಿನಿಂದಲೇ ಇರುತ್ತದೆ. ನಮ್ಮ ಕಡೆ ಕರೆಂಟ್ ಹೋಗಿ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿದ್ದಾಗ ಹಚ್ಚಿದರೆ ಪ್ರೋಗ್ರಾಂ ಏಳುವುದಿಲ್ಲ, ಕಾರಣವೂ ತಿಳಿಯುವುದಿಲ್ಲ. ಆ ಟಿಕ್ ತೆಗೆಯಿರಿ. ಸೆಟ್ಟಿಂಗ್ಸ್ ಪುಟದಲ್ಲಿ 3 ದಿನಕ್ಕಿಂತ ಹೆಚ್ಚು ಓಡಿದರೆ ನಿಲ್ಲಿಸು ಅಂತ ಇರುತ್ತದೆ. ಕಂಪ್ಯೂಟರ್ ಆರಿಸದೆ ಬಿಡುವ ಅಂಗಡಿಗಳಲ್ಲಿ ನಾಲ್ಕನೇ ದಿನ ಕನ್ನಡ ನಿಂತುಹೋಗುವುದು ಇದರಿಂದ. ಅದನ್ನೂ ತೆಗೆಯಿರಿ. ಮೂರನೆಯದು ಸುರಕ್ಷತೆ. ಹೀಗೆ ಪೂರ್ತಿ ಅಧಿಕಾರ ಕೊಟ್ಟ ಫೈಲ್ ಡೆಸ್ಕ್‌ಟಾಪ್‌ನಲ್ಲೋ ಡೌನ್‌ಲೋಡ್ಸ್‌ನಲ್ಲೋ ಇರಬಾರದು. ಅದೇ ಹೆಸರಿನ ಕೆಟ್ಟ ಫೈಲನ್ನು ಅಲ್ಲಿ ಇಟ್ಟರೆ ಅದಕ್ಕೂ ಅಧಿಕಾರ ಸಿಗುತ್ತದೆ. ಪ್ರೋಗ್ರಾಂ ಫೈಲ್ಸ್ ಒಳಗೆ ಇದ್ದರೆ ಅಡ್ಮಿನ್ ಬಿಟ್ಟು ಬೇರೆಯವರು ಬದಲಾಯಿಸಲಾರರು.

ಮಂಡಿಯ ಹುಡುಗನಂತೆ ಸ್ಟಾಂಡರ್ಡ್ ಖಾತೆಯವರಿಗೆ ಈ ಉಪಾಯ ನಡೆಯುವುದಿಲ್ಲ. "ಹೈಯೆಸ್ಟ್" ಅಂದರೆ ಆ ಖಾತೆಗೆ ಇರುವ ಅತಿ ಹೆಚ್ಚಿನದು ಅಂತ ಅಷ್ಟೆ. ಸ್ಟಾಂಡರ್ಡ್ ಖಾತೆಗೆ ಮೇಲೆ ಇನ್ನೊಂದು ಮಟ್ಟವೇ ಇಲ್ಲ. ಅಂಥ ಯಂತ್ರದಲ್ಲಿ ಎದುರಿನ ಪ್ರೋಗ್ರಾಂನ ಟಿಕ್ ತೆಗೆಯುವ ಮೊದಲ ದಾರಿಯೊಂದೇ ಸರಿ.

ಏನೇ ಬದಲಾಯಿಸಿದರೂ ಪರೀಕ್ಷೆ ಮಾಡುವಾಗ ಶಟ್‌ಡೌನ್ ಮಾಡಿ ಮತ್ತೆ ಹಚ್ಚಬೇಡಿ, ರೀಸ್ಟಾರ್ಟ್ ಕೊಡಿ. ವಿಂಡೋಸ್ 8ರಿಂದ ಬಂದ ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ಶಟ್‌ಡೌನ್ ಪೂರ್ತಿ ಶಟ್‌ಡೌನ್ ಆಗಿರುವುದಿಲ್ಲ. ವಿಂಡೋಸ್‌ನ ಒಳಭಾಗ, ಸರ್ವೀಸ್‌ಗಳ ಸಮೇತ, ಡಿಸ್ಕ್‌ಗೆ ಬರೆದಿಟ್ಟು ಮತ್ತೆ ಹಾಗೆಯೇ ಎತ್ತಿಕೊಳ್ಳುತ್ತದೆ. ಡಿಸೇಬಲ್ ಮಾಡಿದ ಸರ್ವೀಸ್ ಮರುದಿನವೂ ಓಡುತ್ತಿದ್ದರೆ ಅನುಮತಿ ಸಿಕ್ಕಿಲ್ಲ ಅಂದುಕೊಳ್ಳುವ ಮೊದಲು ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಿ.